ಒಂಟಿ ಫ್ಯಾನು, ಜೋಡಿ ಫ್ಯಾನು ಮತ್ತು ಒಂಬತ್ತು

ಈ ಪ್ರಪಂಚದಲ್ಲಿ ಅಳೆಯಲಾಗದ ವಸ್ತು ಯಾವುದೂ ಇಲ್ಲ ಎಂದು ನಂಬಿದವನು ನಾನು. ನಂಬಲೇಬೇಕು, ಹೊಟ್ಟೆಪಾಡೇ ಅದು. ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸುವ ಇನ್ಸ್‌ಪೆಕ್ಟರ್ ನಾನು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ಕಾಳಿನಷ್ಟು ವ್ಯತ್ಯಾಸವೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ! ಆದ್ದರಿಂದ ಆ ಭಾನುವಾರ ಬೆಳಿಗ್ಗೆ, ಎರಡು ಹಳೇ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಯಾವುದು ಮೇಲು ಎಂಬ ತೀರ್ಪನ್ನು ಮಧ್ಯಾಹ್ನದೊಳಗೆ ಕೊಡುವುದಾಗಿ ಹೆಂಡತಿಯ ಮುಂದೆ ಘೋಷಿಸಿದೆ.

"ತೀರ್ಪು ಯಾರಿಗೆ ಬೇಕು ರೀ? ಯಾವುದೋ ಒಂದನ್ನ ಹಾಕಿಕೊಡಿ. ನಾಲ್ಕು ಗಂಟೆಗೆ ನನ್ನ ವಿಡಿಯೋ ಹೋಗ್ಬೇಕು" ಎಂದಳು.

ಅವಳು ಕಟ್ಟಡಗಳ ಒಳಾಂಗಣ ವಿನ್ಯಾಸ ಮಾಡುವವಳು. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಗೆರೆ ಎಳೆದವಳಿಗೆ ಮೊದಲ ಸಲ ಸ್ವಂತ ಹೆಸರಿನಲ್ಲಿ ಒಂದು ಕೆಲಸ ಸಿಗುವಂತಿತ್ತು: ಮಕ್ಕಳ ಗ್ರಂಥಾಲಯ. ಅದರೊಳಗೆ ನಡೆದಾಡಿದ ಹಾಗೆ ತೋರಿಸುವ ವಿಡಿಯೋ ನಾಲ್ಕಕ್ಕೆ ಗ್ರಂಥಾಲಯದ ಸಮಿತಿಯವರ ಕೈ ಸೇರದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಅಂಥ ಹೊತ್ತಿನಲ್ಲೇ ಅವಳ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸುಟ್ಟು ವಾಸನೆ ಬಿಟ್ಟು ಕಣ್ಣು ಮುಚ್ಚಿತ್ತು. ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಭಾಮೈದ ಎರಡು ಕಾರ್ಡು ತಂದುಕೊಟ್ಟು, ಬೇಕಾದ್ದು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕೊಡಿ ಎಂದು ಹೇಳಿ ಹೋಗಿದ್ದ. ಎರಡಕ್ಕೂ ಹತ್ತು ವರ್ಷ ವಯಸ್ಸು. ಒಂದಕ್ಕೆ ಒಂದು ಫ್ಯಾನು, ಇನ್ನೊಂದಕ್ಕೆ ಎರಡು. ನಾನು ಅವಕ್ಕೆ ಒಂಟಿ, ಜೋಡಿ ಎಂದು ನಾಮಕರಣ ಮಾಡಿದೆ.

ಊಟದ ಮೇಜನ್ನು ವಶಪಡಿಸಿಕೊಂಡು ದೊಡ್ಡ ಹಾಳೆಯ ಮೇಲೆ ಪಟ್ಟಿ ಎಳೆದೆ. ಒಂಟಿಗೆ ನಾಲ್ಕು ಜಿಬಿ ಮೆಮೊರಿ, ಆದರೆ ಮಾಹಿತಿ ಓಡಾಡುವ ದಾರಿ ಕಿರಿದು. ಜೋಡಿಗೆ ಎರಡೇ ಜಿಬಿ, ಆದರೆ ದಾರಿ ಅದರ ಎರಡರಷ್ಟು ಅಗಲ. ಅಂದರೆ ಒಂದು ದೊಡ್ಡ ಉಗ್ರಾಣಕ್ಕೆ ಸಣ್ಣ ಬಾಗಿಲು, ಇನ್ನೊಂದು ಸಣ್ಣ ಉಗ್ರಾಣಕ್ಕೆ ದೊಡ್ಡ ಬಾಗಿಲು. ಒಂಟಿ ಎಪ್ಪತ್ತೈದು ವಾಟ್ ಕರೆಂಟು ಕುಡಿದು ತೆಪ್ಪಗಿರುತ್ತದೆ. ಜೋಡಿಗೆ ಅದರ ಮೂರು ಪಟ್ಟು ಬೇಕು, ಅದೂ ಬೇರೆ ವೈರಿನಲ್ಲಿ! ಯಾವುದು ಗೆದ್ದೀತು? ನನಗಂತೂ ಕುತೂಹಲ ತಡೆಯಲಾಗಲಿಲ್ಲ. ಅಡುಗೆಮನೆಯ ತಕ್ಕಡಿ ತಂದು ಎರಡನ್ನೂ ತೂಗಿಯೂ ಬಿಟ್ಟೆ. ನಡುವೆ ಹೆಂಡತಿ ಕೇಬಲಿನ ವಿಷಯ ಏನೋ ಹೇಳಿದಳು, ನಾನು "ಹೂಂ" ಎಂದೆ. ಮದುವೆಯಾಗಿ ಹದಿನೆಂಟು ವರ್ಷ ಕಳೆದ ಗಂಡನ "ಹೂಂ" ಅದು.

ಪರೀಕ್ಷೆಗೆ ಅವಳ ಗ್ರಂಥಾಲಯವನ್ನೇ ಆರಿಸಿಕೊಂಡೆ. ಬಾಗಿಲಿನಿಂದ ಕಿಟಕಿಯವರೆಗೆ ನಡೆಯುವಾಗ ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದೇ ಅಳತೆಗೋಲು. ಒಂಟಿಯನ್ನು ಹಾಕಿದೆ: ಒಂಬತ್ತು. ಗ್ರಂಥಾಲಯದೊಳಗೆ ಮಂಡಿನೋವಿನವರು ನಡೆದ ಹಾಗಿತ್ತು. ಜೋಡಿಯನ್ನು ಹಾಕಿದೆ: ಒಂಬತ್ತು!

ಇದೆಂಥ ವಿಚಿತ್ರ? ಜೋಡಿಯ ಧೂಳನ್ನು ಹೆಂಡತಿಯ ಬಣ್ಣದ ಕುಂಚದಿಂದ ಒರೆಸಿದೆ. ಒಂಬತ್ತು. ಕಿಟಕಿ ತೆರೆದು ಗಾಳಿ ಬಿಟ್ಟೆ. ಒಂಬತ್ತು. ಒಂಟಿ, ಜೋಡಿ, ಮತ್ತೆ ಒಂಟಿ, ಹೀಗೆ ಏಳು ಸಲ ಬದಲಾಯಿಸಿದೆ. ಕೈ ಎಷ್ಟು ಪಳಗಿತೆಂದರೆ ಪರದೆಯ ಕೇಬಲನ್ನು ಮುಟ್ಟದೆಯೇ ನಾಲ್ಕು ನಿಮಿಷದಲ್ಲಿ ಕಾರ್ಡು ಬದಲಿಸುವ ವಿದ್ಯೆ ನನಗೆ ಸಿದ್ಧಿಸಿತ್ತು. ಬಾಗಿಲಲ್ಲಿ ಹೆಂಡತಿ ಎರಡು ಸಲ ಬಂದು ಗಡಿಯಾರ ನೋಡಿ ಹೋದಳು. ನಾನು ಬೆವರಿನಲ್ಲಿ ಮುಳುಗಿದ್ದೆ, ಊಟವನ್ನೂ ನಿಂತೇ ಮುಗಿಸಿದೆ.

ಎರಡು ಗಂಟೆಗೆ ನನ್ನೊಳಗಿನ ಇನ್ಸ್‌ಪೆಕ್ಟರು ಎದ್ದು ನಿಂತ. ಬೇರೆ ಬೇರೆ ಕಲ್ಲು ಒಂದೇ ತೂಕ ತೋರಿಸಿದರೆ ಅರ್ಥವೇನು? ಮೋಸ! ಭಾಮೈದನಿಗೆ ಫೋನು ಹಚ್ಚಿ, ಒಂದೇ ಕಾರ್ಡಿಗೆ ಎರಡು ಥರದ ಹೊದಿಕೆ ಹಾಕಿ ಮಾರುತ್ತೀಯಾ ಎಂದು ಝಾಡಿಸಿದೆ. ಜೋಡಿಗೆ ಬೇರೆ ವೈರು ಕೊಟ್ಟಿದ್ದೀರಾ ಎಂದು ಅವನು ಮೆಲ್ಲಗೆ ಕೇಳಿದ. ನನಗೇ ಪಾಠ ಹೇಳಬೇಡ ಎಂದೆ.

"ಎರಡನ್ನೂ ವಾಪಸ್ ಕೊಟ್ಬಿಡಿ ಭಾವ" ಎಂದ. ಧ್ವನಿ ಸಣ್ಣಗಾಗಿತ್ತು. ಫೋನು ಇಟ್ಟ ಮೇಲೆ ನನಗೇ ಒಂಥರಾ ಕಸಿವಿಸಿಯಾಯಿತು.

ಅನುಮಾನ ಬಂದಾಗ ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ: ತಟ್ಟೆ ಖಾಲಿ ಮಾಡಿ, ಮುಳ್ಳು ಸೊನ್ನೆಗೆ ನಿಲ್ಲುತ್ತದೆಯೇ ನೋಡುವುದು. ಒಂಟಿಯನ್ನೂ ಜೋಡಿಯನ್ನೂ ಹೊರಗೆ ತೆಗೆದಿಟ್ಟು ಖಾಲಿ ಕಂಪ್ಯೂಟರ್ ಚಾಲೂ ಮಾಡಿದೆ. ಪರದೆ ಬೆಳಗಿತು. ಗ್ರಂಥಾಲಯ ಬಂತು. ಒಂಬತ್ತು!

ಕಾರ್ಡಿದ್ದರೂ ಒಂಬತ್ತು, ಇಲ್ಲದಿದ್ದರೂ ಒಂಬತ್ತು. ಲೆಕ್ಕ ಸ್ಪಷ್ಟ. ಹೆಂಡತಿಯನ್ನು ಕರೆದು ಗಂಟಲು ಸರಿಮಾಡಿಕೊಂಡು ಹೇಳಿದೆ: "ನೋಡು, ಎರಡು ಕಾರ್ಡಿನ ಶಕ್ತಿಯೂ ಸೊನ್ನೆ. ಪ್ರಯೋಗದಿಂದಲೇ ಸಾಬೀತಾಗಿದೆ."

ಆಗ ಗಂಟೆ ಮೂರು ಹತ್ತು. ಅವಳು ಮಂಡಿಯೂರಿ ಕಂಪ್ಯೂಟರಿನ ಹಿಂಬದಿಗೆ ಬಗ್ಗಿದಳು.

"ಏಳು ಸಲ ಬದಲಾಯಿಸಿದ್ರಲ್ಲ, ಒಂದು ಸಲಾನಾದ್ರೂ ಈ ಕೇಬಲ್ ಬಿಚ್ಚಿದ್ರಾ?"

"ಇಲ್ಲ. ಬಿಚ್ಚೋ ಅಗತ್ಯಾನೇ ಬೀಳಲಿಲ್ಲ" ಎಂದೆ, ಹೆಮ್ಮೆಯಿಂದ.

"ಬೀಳಬೇಕಿತ್ತು. ಕಾರ್ಡ್ ಸುಟ್ಟಿತು ಅಂತ ಕೇಬಲನ್ನ ಕಂಪ್ಯೂಟರಿನ ಸ್ವಂತ ಕಿಂಡಿಗೆ ಹಾಕಿದ್ದೆ. ಹೊಸದು ಹಾಕಿದ ಮೇಲೆ ಕಾರ್ಡಿನ ಕಿಂಡಿಗೆ ಬದಲಾಯಿಸಿ ಅಂತ ಬೆಳಿಗ್ಗೆ ಹೇಳಿದೆ. ನೀವು ಹೂಂ ಅಂದ್ರಿ."

ವಿಷಯ ಇಷ್ಟೇ. ಕಂಪ್ಯೂಟರಿಗೆ ಹುಟ್ಟಿನಿಂದಲೇ ಚಿತ್ರ ತೋರಿಸುವ ಒಂದಿಷ್ಟು ಬಡ ಶಕ್ತಿ ಇರುತ್ತದಂತೆ. ಕೇಬಲು ಆ ಕಿಂಡಿಯಲ್ಲೇ ಇದ್ದದ್ದರಿಂದ ಬೆಳಗಿನಿಂದ ನಾನು ಅಳೆದದ್ದೆಲ್ಲ ಅದನ್ನೇ. ಒಂಟಿ, ಜೋಡಿ ಎರಡೂ ಒಳಗೆ ಕೂತು ಸುಮ್ಮನೆ ಫ್ಯಾನು ತಿರುಗಿಸುತ್ತಿದ್ದವು. ಸಾಮಾನನ್ನು ಪಕ್ಕದಲ್ಲಿಟ್ಟು ಖಾಲಿ ತಟ್ಟೆಯನ್ನೇ ಏಳು ಸಲ ತೂಗಿದ ಇನ್ಸ್‌ಪೆಕ್ಟರು ನಾನು!

ಅವಳು ಕೈಗೆ ಸಿಕ್ಕ ಒಂಟಿಯನ್ನು ಕೂರಿಸಿ, ಕೇಬಲನ್ನು ಅದರ ಕಿಂಡಿಗೆ ಚುಚ್ಚಿದಳು. ನಲವತ್ತೊಂದು! ಗ್ರಂಥಾಲಯದ ಬಾಗಿಲು ಸರಾಗ ತೆರೆಯಿತು, ಪುಸ್ತಕದ ಸಾಲುಗಳು ಹರಿದು ಬಂದವು, ಕಿಟಕಿಯಾಚೆ ಎಲೆಗಳು ಅಲ್ಲಾಡಿದವು. ಅವಳು ಇಷ್ಟು ಚೆಂದದ್ದೊಂದನ್ನು ಕಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ, ಬೆಳಗಿನಿಂದ ನಾನು ನೋಡಿದ್ದು ಪರದೆಯ ಮೂಲೆಯ ಅಂಕಿ ಮಾತ್ರ. ನಾಚಿಕೆಯಾಯಿತು. ಮೂರು ಐವತ್ತೆರಡಕ್ಕೆ ವಿಡಿಯೋ ಹೋಯಿತು. ನಾನು ಭಾಮೈದನಿಗೆ ಫೋನು ಮಾಡಿ ತಪ್ಪಾಯಿತು ಎಂದೆ. ಕೇಬಲಿನ ಕಥೆ ಕೇಳಿ ಅವನು ಎಷ್ಟು ಹೊತ್ತು ನಕ್ಕನೆಂದರೆ ನಾನೇ ಫೋನು ಇಡಬೇಕಾಯಿತು.

ಮರುದಿನ ಸಮಿತಿಯವರು ಒಪ್ಪಿಗೆ ಕಳಿಸಿದರು. ಮನೆಯಲ್ಲಿ ಎಲ್ಲ ಸರಿಹೋಯಿತು, ನನ್ನ ತಲೆಯಲ್ಲಿ ಮಾತ್ರ ಹುಳ ಉಳಿಯಿತು. ಒಂಟಿ ನಲವತ್ತೊಂದಾದರೆ ಜೋಡಿ ಎಷ್ಟು? ದೊಡ್ಡ ಉಗ್ರಾಣವೋ, ದೊಡ್ಡ ಬಾಗಿಲೋ? ಅವಳು ಹೊರಗೆ ಹೋದ ಸಮಯ ನೋಡಿ, ಸ್ಕ್ರೂಡ್ರೈವರ್ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಅವಳ ಕೋಣೆಗೆ ನುಗ್ಗಿದೆ.

ಕಂಪ್ಯೂಟರಿನ ಪಕ್ಕದ ಮುಚ್ಚಳಕ್ಕೆ ತಂತಿ ಬಿಗಿದಿತ್ತು. ನನ್ನ ಚೀಲದ್ದೇ ತಂತಿ, ನಾನು ತಕ್ಕಡಿಗಳಿಗೆ ಹಾಕುವಂಥದ್ದೇ ಸೀಸದ ಮುದ್ರೆ. ಅದರ ಕೆಳಗೆ, ಇಪ್ಪತ್ತೆರಡು ವರ್ಷದಿಂದ ನಾನು ಅಂಗಡಿಯವರಿಗೆ ಬರೆದುಕೊಡುವ ಧಾಟಿಯಲ್ಲೇ ಅವಳ ಕೈಬರಹದ ಚೀಟಿ:

"ಪರೀಕ್ಷಿಸಲಾಗಿದೆ. ಯಂತ್ರ ಸರಿಯಿದೆ. ತೂಗುವವರನ್ನು ರಿಪೇರಿಗೆ ಕಳಿಸುವುದು."