ನನ್ನ ಬಲಗಾಲಿನ ಉಪದ್ವ್ಯಾಪ

ಹುಬ್ಬಳ್ಳಿಯಲ್ಲಿ ಕಾರು ಕಲಿಸುವ ಧಂದೆಗೆ ಬಿದ್ದ ಮೇಲೆ ನನ್ನ ತಲೆ ಒಂದು ಕಡೆ, ಕಾಲು ಒಂದು ಕಡೆ. ಕಲಿಸುವವನ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ ನೋಡ್ರಿ. ಅದನ್ನು ಒತ್ತಿ ಒತ್ತಿ ನನ್ನ ಬಲಗಾಲು ನನ್ನನ್ನು ಕೇಳುವುದನ್ನೇ ಬಿಟ್ಟಿತು. ಅದರಿಂದಾದ ಅನಾಹುತಗಳಲ್ಲಿ ಹೇಳುವಂಥವನ್ನು ಹೇಳುತ್ತೇನೆ. ಸುಳ್ಳು ಕಡಿಮೆ ಇದೆ.

೧. ಬಸ್ಸಿನಲ್ಲಿ

ಧಾರವಾಡದ ಬಸ್ಸು. ಎಮ್ಮೆಯೊಂದು ಅಡ್ಡ ಬಂತು. ಡ್ರೈವರನಿಗಿಂತ ಮೊದಲು ನಾನು ಬ್ರೇಕ್ ಹಾಕಿದೆ. ಕಾಲ ಕೆಳಗೆ ಪಕ್ಕದ ಮುದುಕಿಯ ಟೊಮೆಟೊ ಚೀಲವಿತ್ತು.

"ಏನ್ ಮಾಡಿದ್ಯೋ ತಮ್ಮಾ?"

"ಎಮ್ಮಿ ಉಳಿಸೀನಿ ಬೇ, ಯಮ್ಮಾ."

"ಎಮ್ಮಿ ಉಳೀತು, ನನ್ನ ಟೊಮೆಟೊ ಸತ್ತೂವಲ್ಲೋ!"

೨. ಟೇಲರ್ ಚಾಚಾ

ತೊಂಬತ್ತರ ದಶಕದ ಕೊನೆ. ರೆಡಿಮೇಡ್ ಅಂಗಿ ಬಂದು ಹೊಲಿಗೆ ನಿಂತುಹೋಗಿದ್ದ ಟೇಲರ್ ಚಾಚಾ ಒಬ್ಬರು ಕಲಿಯಲು ಬಂದರು. ಧಾರವಾಡದ ಹತ್ತಿರದ ಬೇಲೂರಿನ ಕಾರ್ಖಾನೆಯೊಂದು ವ್ಯಾನ್ ಓಡಿಸಲು ಕರೆದಿತ್ತು. ಮುಂದಿನ ಸೋಮವಾರದೊಳಗೆ ಲೈಸೆನ್ಸ್ ತೋರಿಸಿದರಷ್ಟೇ ನೌಕರಿ.

ಕೂತವರೇ ಎರಡೂ ಪಾದ ಆಡಿಸತೊಡಗಿದರು, ಹೊಲಿಗೆ ಮಷಿನ್ ತುಳಿದ ಹಾಗೆ. ಕಾರು ಹಾರುತ್ತ, ಬಿಕ್ಕುತ್ತ ದೇಶಪಾಂಡೆ ನಗರ ದಾಟಿತು.

"ಚಾಚಾ, ಇದು ಮಷಿನ್ ಅಲ್ರಿ!"

"ನನಗ ಗೊತ್ತೈತ್ರಿ. ಕಾಲಿಗೆ ಯಾರ ಹೇಳವ್ರು?"

ನನ್ನದೂ ಅದೇ ರೋಗ, ಕನಿಕರ ಹುಟ್ಟಿತು. "ಬ್ರೇಕ್ ಮುಟ್ಟಬ್ಯಾಡ್ರಿ, ಅದನ್ನ ನಾ ನೋಡ್ಕೋತೀನಿ" ಎಂದೆ. ಅಂದಿನಿಂದ ಕಾರು ಬೆಣ್ಣೆಯ ಹಾಗೆ ನಡೆಯಿತು. ಬ್ರೇಕ್ ಹಾಕುವುದನ್ನು ಅವರು ಕಲಿಯಲೇ ಇಲ್ಲ. ಕಲಿಸಬೇಕೆಂದು ನನ್ನ ಕಾಲಿಗೂ ಹೊಳೆಯಲಿಲ್ಲ.

೩. ಪರೀಕ್ಷೆ

ಶನಿವಾರ ಪರೀಕ್ಷೆ. ಅದು ಬಿಟ್ಟರೆ ಬೇರೆ ದಿನವಿಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಸೀಟಿನಲ್ಲಿ ಕಾಲು ಮಡಚಿ ಕೂತರು. ನನ್ನನ್ನು ಹಿಂದೆ ಕೂರಿಸಿದರು. ಚಾಚಾ ಗೇರು, ತಿರುವು ಎಲ್ಲ ಛಲೋ ಮಾಡಿದರು. ನಾನು ಮನಸ್ಸಿನಲ್ಲೇ ಪೇಢೆ ಹಂಚುತ್ತಿದ್ದೆ. ಎದುರಿಗೆ ಉಸುಕಿನ ಗುಡ್ಡೆ ಕಂಡಿತು.

"ಇಲ್ಲೇ ನಿಲ್ಲಸ್ರಿ" ಅಂದರು ಸಾಹೇಬರು.

ಹೊಲಿಗೆಯವರು ಮಷಿನ್ ನಿಲ್ಲಿಸಲು ಅದರ ಗಾಲಿಗೆ ಅಂಗೈ ಒತ್ತುತ್ತಾರೆ. ಚಾಚಾ ಸ್ಟೇರಿಂಗಿಗೆ ಅಂಗೈ ಒತ್ತಿದರು. ಕಾರು ನಡೆದೇ ಇತ್ತು. ಹಿಂದೆ ನನ್ನ ಕಾಲು ಸುಮ್ಮನಿದ್ದೀತೇ? ಎದುರಿನ ಸೀಟನ್ನೇ ಜಾಡಿಸಿ ಒತ್ತಿತು. ಸಾಹೇಬರು ಬೆನ್ನು ಹಿಡಿದು ಚೀರುವಷ್ಟರಲ್ಲಿ ಕಾರು ಉಸುಕಿನಲ್ಲಿ ಮೂತಿ ಹೂತು ನಿಂತಿತು.

ಚಾಚಾನ ಸೋಮವಾರದ ನೌಕರಿ ಅಲ್ಲೇ ಮಣ್ಣಾಗಿತ್ತು. ಆದರೂ ಆಸೆ ನೋಡ್ರಿ, ಮೆಲ್ಲಗೆ ಕೇಳಿದರು: "ನಿಂತೈತಲ್ರಿ, ಸಾಹೇಬ್ರ?"

"ಒಬ್ಬಾಂವ ಸ್ಟೇರಿಂಗಿಗೆ ಬ್ರೇಕ್ ಹಾಕ್ದ, ಇನ್ನೊಬ್ಬಾಂವ ನನ್ನ ಬೆನ್ನಿಗೆ ಹಾಕ್ದ. ಕಾರು ಒಂದ ಶಾಣೇದೈತಿ, ತಾನ ನಿಂತೈತಿ. ಲೈಸೆನ್ಸ್ ಕೊಡೂದಾದ್ರ ಅದಕ್ಕ ಕೊಡಬೇಕು!"