ಹಾರ ಹಾಕಲು ಒಬ್ಬ ನಿರುದ್ಯೋಗಿ

ವಕೀಲ ಕೇಶವಪ್ರಸಾದರ ಫೋಟೋಕ್ಕೆ ಹಾರ ಹಾಕಲು ಒಬ್ಬ ನಿರುದ್ಯೋಗಿ ಬೇಕಾಗಿದ್ದ. ಕುಶಾಲಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಕೆಲಸ ಕಳೆದುಕೊಂಡವರಿಗೂ ವಿಮೆ ಬೇಕೆಂದು ವಕೀಲರು ವರ್ಷಗಟ್ಟಲೆ ಸರಕಾರದ ಬೆನ್ನುಹತ್ತಿದ್ದರು. ವಿಮೆ ಬರಲಿಲ್ಲ; ಎಂಬತ್ತೊಂದನೇ ಇಸವಿಯ ಮಳೆಗಾಲ ಮುಗಿಯುವಷ್ಟರಲ್ಲಿ ವಕೀಲರೇ ಹೋಗಿಬಿಟ್ಟರು. ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಕುಶಾಲಪ್ಪನನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಕಷ್ಟ ಕೇಳುತ್ತಿದ್ದವರು ಅವರೊಬ್ಬರೇ.

ಆ ಬೆಳಿಗ್ಗೆ ಅವನು ಗುರುವಾಯನಕೆರೆಯ ಮರದ ಮಿಲ್ಲಿಗೆ ಕಾವಲುಗಾರನಾಗಿ ಸೇರಲು ಹೊರಟಿದ್ದ. ಮಿಲ್ಲಿನ ಗುಮಾಸ್ತ ಗೊತ್ತುಮಾಡಿದ ಕೆಲಸ. ಮಿಲ್ಲಿನ ಯಜಮಾನರಾದ ಧನಿ ಅವನ ಮುಖ ಕಂಡವರಲ್ಲ. ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ನೆರೆಮನೆಯ ಗುರುವಪ್ಪ ಅವನ ತೋಳು ಹಿಡಿದ. ಗುರುವಪ್ಪ ವಕೀಲರ ಸಂಸ್ಮರಣ ಸಮಿತಿಯ ಕಾರ್ಯದರ್ಶಿ; ಅವತ್ತೇ ಸಭೆ.

"ಒಂದು ಹಾರ ಹಾಕಿ ಹೋಗು ಮಾರಾಯ."

"ಇಲ್ಲ ಗುರುವಪ್ಪಣ್ಣ, ಇವತ್ತು ಕೆಲಸಕ್ಕೆ ಸೇರ್ಲಿಕ್ಕುಂಟು. ಹತ್ತು ಗಂಟೆಗೆ ಬರ್ಲಿಕ್ಕೆ ಹೇಳಿದ್ದಾರೆ."

"ಹತ್ತರವರೆಗೆ ನೀನು ನಿರುದ್ಯೋಗಿಯೇ ಅಲ್ವಾ? ವಕೀಲರು ನಿನಗಾಗಿ ಎಷ್ಟು ಓಡಾಡಿದ್ದಾರೆ, ನೆನಪು ಮಾಡು."

ಕುಶಾಲಪ್ಪನಿಗೆ ಜಗಲಿಯ ಕಾಫಿ ನೆನಪಾಯಿತು. ಹೋದ.

ಸಭೆಯಲ್ಲಿ ಮುಖ್ಯ ಅತಿಥಿಯೇ ಬಂದಿರಲಿಲ್ಲ; ಅವರು ಬಾರದೆ ಹಾರ ಹಾಕುವಂತಿರಲಿಲ್ಲ. ಯಾರದ್ದೋ ಹಸುಗೂಸನ್ನು ಹಿಡಿದವನಂತೆ ಕುಶಾಲಪ್ಪ ಹಾರ ಹಿಡಿದು ನಿಂತ. ಜಲಜಾಕ್ಷಿ ಟೀಚರು ಪ್ರಾರ್ಥನೆ ಹಾಡಿ, ಅತಿಥಿ ಬಾರದ್ದಕ್ಕೆ ಮತ್ತೊಮ್ಮೆ ಹಾಡಿದರು. ಅವನು ಮೆಲ್ಲಗೆ ಬಾಗಿಲಿನತ್ತ ಸರಿದಾಗ ಅವರೇ ತಡೆದರು.

"ಹಾರ ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ? ಸತ್ತವರಿಗೆ ಅವಮಾನ ಅಲ್ವಾ?"

ಮೈಕಿನ ಅಬ್ದುಲ್ ಸಮದನ ಕೈಗೆ ಹಾರ ದಾಟಿಸಲು ನೋಡಿದ. "ನಾನು ಕೆಲಸದಲ್ಲಿರುವವ. ನನಗೆ ಆಗ್ಲಿಕ್ಕಿಲ್ಲ," ಎಂದ ಸಮದ್.

ಗಡಿಯಾರ ಹತ್ತು ದಾಟಿ, ಹನ್ನೊಂದರ ಹತ್ತಿರ ಬಂತು. ಕೊನೆಗೆ ಕಾರು ಬಂದು ನಿಂತಿತು. "ಗುರುವಾಯನಕೆರೆ ಮಿಲ್ಲಿನ ಧನಿ ಗಜಾನನ ರಾಯರು ಬಂದ್ರು," ಎಂದು ಗುರುವಪ್ಪ ಓಡಿದ. ಕುಶಾಲಪ್ಪನ ಎದೆಯ ಭಾರ ಇಳಿಯಿತು. ಧನಿಯೇ ಇಲ್ಲಿರುವಾಗ ಇನ್ನೆಂಥ ತಡ? ಸಮಾಧಾನದಿಂದ ಹಾರ ಹಾಕಿದ. ಫೋಟೋದಲ್ಲಿ ವಕೀಲರು ಇನ್ನೂ ಅವನ ಮಾತಿಗೇ ಕಿವಿಗೊಟ್ಟಂತಿದ್ದರು. ಅವನು ಕಣ್ಣೊರೆಸಿಕೊಂಡ.

ರಾಯರು ಮಾತಿಗೆ ನಿಂತರು. "ತಡವಾದದ್ದಕ್ಕೆ ಕ್ಷಮೆ ಇರಲಿ. ಇವತ್ತು ಮಿಲ್ಲಿಗೆ ಒಬ್ಬ ಕಾವಲುಗಾರ ಸೇರ್ಲಿಕ್ಕಿತ್ತು. ಅವನನ್ನು ಗೇಟಿನಲ್ಲಿ ಕಾದು ಕಾದು ಇಷ್ಟು ಹೊತ್ತಾಯ್ತು. ಬರ್ಲೇ ಇಲ್ಲ. ಆ ಕೆಲಸವನ್ನು ವಕೀಲರ ನೆನಪಿಗೆ, ಹಾರ ಹಾಕಿದ ಈ ಬಡವನಿಗೇ ಕೊಡ್ತೇನೆ."

ಚಪ್ಪಾಳೆ ಬಿತ್ತು.

"ನಿನ್ನ ಹೆಸರೇನಪ್ಪ?"

"ಕುಶಾಲಪ್ಪ, ಧನಿ."

ರಾಯರ ಮುಖ ಬಿಗಿಯಿತು. "ನಮ್ಮ ಗುಮಾಸ್ತ ಹೇಳಿದ, ಹಂಚಿನ ಕಾರ್ಖಾನೆಯಲ್ಲಿದ್ದ ಕುಶಾಲಪ್ಪನಾ?"

"ಹೌದು. ಅತಿಥಿಗಳು ಬರ್ಲಿ ಅಂತ ಇಲ್ಲಿ ಕಾದು..."

ರಾಯರು ಮೈಕಿಗೆ ಕೈ ಅಡ್ಡ ಹಿಡಿದರು. "ಮೊದಲ ದಿನವೇ ಸಭೆ ಸುತ್ತುವವ ನನಗೆ ಬೇಡ."

ಕುಶಾಲಪ್ಪ ಗುರುವಪ್ಪನತ್ತ ನೋಡಿದ. ಗುರುವಪ್ಪ ತಲೆಯ ಮೇಲಿನ ಮಾಡಿನ ಹಂಚು ನೋಡುತ್ತಿದ್ದ. ಮುಂದಿನ ಸಾಲಿನಲ್ಲಿ ಕೈ ಎತ್ತಿದ ಇನ್ನೊಬ್ಬ ನಿರುದ್ಯೋಗಿಗೆ ಕೆಲಸ ಹೋಯಿತು. ಅವನು ಗುರುವಪ್ಪನ ಭಾವ. ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.

ಮೆಟ್ಟಿಲಿಳಿಯುತ್ತಿದ್ದ ಕುಶಾಲಪ್ಪನ ಹಿಂದೆ ಗುರುವಪ್ಪ ಓಡಿ ಬಂದ.

"ಹೋಗ್ಬೇಡ ಮಾರಾಯ. ವಂದನಾರ್ಪಣೆಯಲ್ಲಿ ನಿನ್ನ ಹೆಸರು ಉಂಟು."

ಕುಶಾಲಪ್ಪ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಅವನಿಗೆ ಈಗ ಎಲ್ಲಿಗೂ ಅವಸರವಿರಲಿಲ್ಲ.