ನೂರಕ್ಕೆ ನೂರು ಓದಿದ ಯಂತ್ರ

“ಇನ್ನ ಮುಂದ ನಾ ಕಾಗದದ ಪುಸ್ತಕ ಮುಟ್ಟಂಗಿಲ್ಲ. ಓದಿದ್ರ ಯಂತ್ರದಾಗೇ ಓದ್ತೀನಿ. ಆ ಯಂತ್ರ ಹೆಂಗ ಆರಿಸ್ತೀನಿ ಅಂದ್ರ, ಇಡೀ ಕಲಬುರಗಿ ಬಂದು ನನ್ನ ಕೇಳಬೇಕು!”

ಎರಡು ಸಾವಿರದ ಒಂಬತ್ತನೇ ಇಸವಿಯ ಏಪ್ರಿಲ್ ತಿಂಗಳು. ಕಲಬುರಗಿಯ ಗಾಜಿಪುರ ಬಡಾವಣೆಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಬಲಗೈಯನ್ನು ಫ್ಯಾನಿನ ರೆಕ್ಕೆಗೆ ತಾಗುವಷ್ಟು ಎತ್ತಿ ಸೂರ್ಯಕಾಂತರು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಹೆಂಡತಿ ಸಾವಿತ್ರಿಬಾಯಿ, ಇನ್ನೊಂದು ಗೋಡೆಯ ಮೇಲಿನ ಹಲ್ಲಿ. ಹಲ್ಲಿ ಲೊಚ್ ಎಂದಿತು. ಸಾವಿತ್ರಿಬಾಯಿ ಅಷ್ಟೂ ಅನ್ನಲಿಲ್ಲ. ಅವರು ರೊಟ್ಟಿ ಬಡಿಯುತ್ತಿದ್ದರು.

ಸೂರ್ಯಕಾಂತರು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಓಣಿಯಲ್ಲಿ ಅವರಿಗೆ ‘ಓದೋ ಕಾಕಾ’ ಎಂದೇ ಬಿರುದು. ಬಿರುದು ಬಂದದ್ದು ಹೀಗೆ: ಕಚೇರಿ ಇದ್ದಾಗ ರಜಾ ದಿನ, ನಿವೃತ್ತಿಯಾದ ಮೇಲೆ ದಿನಾ, ಮಧ್ಯಾಹ್ನ ಊಟವಾದ ಮೇಲೆ ಅವರು ಅಂಗಳದ ಹೊರಸಿನ ಮೇಲೆ ಅಂಗಾತ ಮಲಗಿ ದಪ್ಪನೆಯ ಪುಸ್ತಕವೊಂದನ್ನು ಬಿಚ್ಚುತ್ತಿದ್ದರು. ಐದು ನಿಮಿಷಕ್ಕೆ ಅದು ಮೆಲ್ಲಗೆ ಇಳಿದು ಮುಖದ ಮೇಲೆ ಮಾಡಿನಂತೆ ಕೂರುತ್ತಿತ್ತು. ಓಣಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ಎರಡು ಪಾದ ಮತ್ತು ಒಂದು ಪುಸ್ತಕ. “ಕಾಕಾ ಓದಾಕತ್ತಾರ” ಎಂದು ಜನ ದನಿ ತಗ್ಗಿಸುತ್ತಿದ್ದರು. ಒಮ್ಮೆ ಲಾರಿಯೊಂದು ಹಾರ್ನ್ ಹೊಡೆಯದೆ ಗೌರವದಿಂದ ದಾಟಿ ಹೋಯಿತಂತೆ. ಅದರ ಹಾರ್ನು ಕೆಟ್ಟಿತ್ತು ಎಂಬುದು ಬೇರೆ ಮಾತು.

ಅವರ ಕಪಾಟಿನಲ್ಲಿ ನಾಲ್ಕುನೂರು ಪುಟಕ್ಕೆ ಕಡಿಮೆಯ ಪುಸ್ತಕವೇ ಇರಲಿಲ್ಲ. ಅದಕ್ಕಿಂತ ತೆಳ್ಳಗಿದ್ದರೆ ಬೆಳಕು ತಡೆಯುವುದಿಲ್ಲ.

ಹೀಗೆ ಸುಖವಾಗಿದ್ದ ಓದುಗನಿಗೆ ಕಂಟಕ ಬಂದದ್ದು ಕಮಲಾಪುರದಿಂದ. ಅಲ್ಲಿ ಅವರ ಬೀಗರು, ಮಗಳನ್ನು ಕೊಟ್ಟ ಮನೆಯ ಯಜಮಾನರು, ಭೀಮಶಾ ಹೆಡ್‌ಮಾಸ್ತರರು. ಈ ಮನುಷ್ಯ ನಿಜವಾಗಿಯೂ ಓದುವವರು. ಮಕ್ಕಳ ಪರೀಕ್ಷೆಯ ಉತ್ತರಗಳನ್ನು ಅಕ್ಷರ ಅಕ್ಷರ ಬಿಡದೆ ಓದಿ ನಿವೃತ್ತರಾದವರು. ಒಮ್ಮೆ ಒಬ್ಬ ಹುಡುಗ ಇತಿಹಾಸದ ಉತ್ತರದ ನಟ್ಟನಡುವೆ, ‘ಸರ್, ನೀವು ಇದನ್ನು ಓದುವುದಿಲ್ಲ ಎಂದು ನನಗೆ ಗೊತ್ತು’ ಎಂದು ಬರೆದು ನೋಡಿದ. ಭೀಮಶಾ ಅದರ ಕೆಳಗೆ ಕೆಂಪು ಗೆರೆ ಎಳೆದು, ಒಂದು ಕಾಗುಣಿತ ತಿದ್ದಿ, ಅರ್ಧ ಅಂಕ ಕಳೆದರು.

ಇಂಥವರು ತಮ್ಮ ಬಾಳಿನ ಕಥೆ ಬರೆದರು. ಆರುನೂರ ಹನ್ನೆರಡು ಪುಟ! ಕಂಪ್ಯೂಟರಿನಲ್ಲಿ ಟೈಪು ಮಾಡಿಸಿ, ಒಂದು ಸಿ.ಡಿ.ಗೆ ಹಾಕಿಸಿ, ತಾವೇ ಬಸ್ಸು ಹತ್ತಿ ತಂದು ಸೂರ್ಯಕಾಂತರ ಕೈಗಿಟ್ಟರು.

“ಬೀಗರ, ನಮ್ಮ ಬಳಗದಾಗ ನಿಮ್ಮಂಥಾ ಓದುಗರು ಮತ್ತೊಬ್ಬರಿಲ್ಲ. ನೀವು ಓದಿ ಹೂಂ ಅಂದ್ರ ಛಾಪಾಖಾನಿಗೆ ಕೊಡ್ತೀನಿ. ಊಹೂಂ ಅಂದ್ರ ಸುಟ್ಟು ಹಾಕ್ತೀನಿ.”

ಸೂರ್ಯಕಾಂತರು ಸಿ.ಡಿ.ಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಓದುವುದು ಆಗದ ಮಾತು. ಆಗುವುದಿಲ್ಲ ಎಂದರೆ ಮಗಳ ಮಾವನ ಮುಂದೆ ಮೂವತ್ತು ವರ್ಷದ ಬಿರುದು ಮಣ್ಣುಪಾಲು. ಆ ಕ್ಷಣದಲ್ಲಿ ಮೂವತ್ತನಾಲ್ಕು ವರ್ಷದ ಕಚೇರಿ ಅನುಭವ ಕೈಹಿಡಿಯಿತು. ಕಂಪ್ಯೂಟರಿನ ಬೆಳಕು ಕಣ್ಣಿಗೆ ಆಗಿಬರುವುದಿಲ್ಲವೆಂದೂ, ಪುಸ್ತಕ ಓದಲಿಕ್ಕೆಂದೇ ಈಗ ಬೇರೆ ಯಂತ್ರಗಳು ಬಂದಿವೆಯೆಂದೂ, ಅದರಲ್ಲಿ ಒಳ್ಳೆಯದನ್ನು ಆರಿಸಿ ತಂದ ಮೇಲೆಯೇ ಇಂಥ ಘನವಾದ ಗ್ರಂಥಕ್ಕೆ ಕೈಹಾಕುವುದೆಂದೂ ಗಂಭೀರವಾಗಿ ಹೇಳಿದರು. ಆರಿಸಲು ಎರಡು ವರ್ಷವಾದರೂ ಹಿಡಿದೀತು ಎಂದು ಅವರ ಲೆಕ್ಕ. ಅವರ ಕಚೇರಿಯಲ್ಲಿ ಒಂದು ಸೀಲಿಂಗ್ ಫ್ಯಾನ್ ಆರಿಸಲು ನಾಲ್ಕು ವರ್ಷ ಹಿಡಿದಿತ್ತು; ಅಷ್ಟರಲ್ಲಿ ಸೆಕೆಯೆಂದು ದೂರು ಕೊಟ್ಟವರೇ ವರ್ಗವಾಗಿ ಹೋಗಿದ್ದರು.

ಭೀಮಶಾ ಮಾತ್ರ ತಲೆಯಾಡಿಸಿ, ಆಗಸ್ಟಿನ ಎರಡನೇ ಐತವಾರ ಕಮಲಾಪುರದ ಶಾಲೆಯಲ್ಲಿ ಸಭೆ ಇಡುವುದಾಗಿಯೂ, ಬೀಗರೇ ಮುಖ್ಯ ಭಾಷಣಕಾರರೆಂದೂ ಹೇಳಿ ಬಸ್ಸು ಹತ್ತಿಬಿಟ್ಟರು. ಅವರು ಹೋದ ಐದನೇ ನಿಮಿಷಕ್ಕೇ, ಆರಂಭದಲ್ಲಿ ಹೇಳಿದ ಆ ಘೋಷಣೆ ನಡೆದದ್ದು.

ಆಯ್ಕೆ ಶುರುವಾಯಿತು. ಮೊದಲು ಶಾಸ್ತ್ರೀಯವಾಗಿ ತಿಳಿಯಬೇಕಾದದ್ದು, ಮನುಷ್ಯನ ಮೂಗು ಎಷ್ಟು ಭಾರ ತಾಳುತ್ತದೆ ಎಂಬುದು. ಸೂರ್ಯಕಾಂತರು ನೆಹರು ಗಂಜಿನ ಧಾನ್ಯದ ಪೇಟೆಗೆ ಹೋಗಿ, ಕಾಳಿನ ಅಂಗಡಿ ಇಟ್ಟಿದ್ದ ಗೆಳೆಯ ದತ್ತಪ್ಪನ ಗಾದಿಯ ಮೇಲೆ ಮಲಗಿ, ತೊಗರಿಬೇಳೆಯನ್ನು ತೂಗಿ ಚೀಲ ಕಟ್ಟಿಸಿ ಮೂಗಿನ ಮೇಲೆ ಇಡಿಸಿಕೊಂಡರು. ಒಂದು ಕಿಲೋಕ್ಕೆ ಉಸಿರೇ ನಿಂತಿತು. ಅರ್ಧ ಕಿಲೋಕ್ಕೆ ಹಳೆಯ ಸಾಹೇಬರು ಕನಸಿನಲ್ಲಿ ಬಂದರು. ಮುನ್ನೂರು ಗ್ರಾಮಿಗೆ ಎಂಥ ನಿದ್ದೆ ಬಂತೆಂದರೆ, ಎದ್ದಾಗ ಆ ದಿನದ ಹರಾಜು ಮುಗಿದು, ಹಮಾಲರು ಅವರನ್ನೂ ಒಂದು ಚೀಲವೆಂದು ತಿಳಿದು ಗೋಡೆಗೆ ಸರಿಸಿಟ್ಟಿದ್ದರು. ಮುನ್ನೂರು ಗ್ರಾಮು ನಿಕ್ಕಿಯಾಯಿತು.

ಆಮೇಲೆ ಜಗತ್ ಸರ್ಕಲ್ಲಿನ ಶಬ್ಬೀರನ ಅಂಗಡಿ. ಕಂಪ್ಯೂಟರು, ಮೊಬೈಲು ಮಾರುವ ಶಬ್ಬೀರ ಸಹನೆಯುಳ್ಳವನು. ಮೇ ತಿಂಗಳಲ್ಲಿ ಅವನು ಒಂದು ಸಣ್ಣ ಲ್ಯಾಪ್‌ಟಾಪು ತೋರಿಸಿದ. ಸೂರ್ಯಕಾಂತರು ಅದನ್ನು ಬಿಸಿಲಿಗೆ ಒಯ್ದು ನೋಡಿದರೆ ಪರದೆಯ ತುಂಬ ತಮ್ಮದೇ ಮುಖ. ಅದನ್ನು ಅವರು ಮೊದಲೇ ಓದಿದ್ದರು. ಎದೆಯ ಮೇಲೆ ಇಟ್ಟುಕೊಂಡರೆ ರೊಟ್ಟಿಯ ಹಂಚು ಕಾದಂತೆ ಕಾಯಿತು. ಜೂನಿನಲ್ಲಿ ಅಂಗೈಯಗಲದ ಇನ್ನೊಂದು ಯಂತ್ರ ಬಂತು. ಅದರಲ್ಲಿ ಅಕ್ಷರಗಳು ಸಾಸಿವೆಯಷ್ಟು, ಮುಖದ ಮೇಲೆ ಇಟ್ಟರೆ ಒಂದು ಕಣ್ಣು ಮುಚ್ಚಿ ಇನ್ನೊಂದು ಬಯಲಿಗೇ ಉಳಿಯುತ್ತಿತ್ತು. ಜುಲೈಯಲ್ಲಿ ಶಬ್ಬೀರ ಹೈದರಾಬಾದಿನಿಂದ ಮೂರನೆಯದನ್ನು ತರಿಸಿದ: ಬೂದು ಬಣ್ಣದ ಪರದೆ, ಮಕ್ಕಳು ಬರೆಯುವ ಪಾಟಿಯಷ್ಟು ಅಗಲ, ಬೆಳಕಿಲ್ಲ, ಬಿಸಿಯಿಲ್ಲ, ತೂಕ ಮುನ್ನೂರಕ್ಕೂ ಕಡಿಮೆ. ಒಂದು ಗುಂಡಿ ಒತ್ತಿದರೆ ಪುಟ ತಿರುಗುವುದು, ಇನ್ನೊಂದು ಒತ್ತಿದರೆ ಅಕ್ಷರ ತೊಗರಿಕಾಳಿನಷ್ಟು ದಪ್ಪವಾಗುವುದು.

“ಪರೀಕ್ಷಾ ಮಾಡ್ತೀನಿ” ಎಂದವರೇ ಅಂಗಡಿಯ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಯಂತ್ರವನ್ನು ಮುಖಕ್ಕೆ ಮುಚ್ಚಿಕೊಂಡರು. ಪರೀಕ್ಷೆ ಎಷ್ಟು ಯಶಸ್ವಿಯಾಯಿತೆಂದರೆ ಎರಡೇ ನಿಮಿಷಕ್ಕೆ ಗೊರಕೆ ಹೊರಟಿತು. ಬಾಗಿಲಲ್ಲಿ ಜನ ಸೇರಿದರು. ಸಾಮಾನಿನ ಬೆಲೆ ಕೇಳಿ ಕಾಕಾಗೆ ಚಕ್ಕರ್ ಬಂದಿದೆ ಎಂದು ಸುದ್ದಿ ಹಬ್ಬಿತು. ಯಾರೋ ಪುಣ್ಯಾತ್ಮರು ಉಳ್ಳಾಗಡ್ಡಿ ಒಡೆದು ತಂದು ಮೂಗಿಗೆ ಹಿಡಿದರು.

“ಕಾಕಾ, ಏಳ್ರಿ,” ಎಂದ ಶಬ್ಬೀರ. “ಇದು ದುಕಾನ್ ಅದ, ದವಾಖಾನಿ ಅಲ್ಲ.”

“ಇದೇ ಕೊಡು,” ಎಂದರು ಕಾಕಾ, ಕಣ್ಣೀರು ಒರೆಸಿಕೊಳ್ಳುತ್ತ.

ಶಬ್ಬೀರನೇ ಸಿ.ಡಿ.ಯಿಂದ ಭೀಮಶಾರ ಕಥೆಯನ್ನು ಅದರೊಳಗೆ ಇಳಿಸಿಕೊಟ್ಟ. ಸಭೆಗೆ ಇನ್ನು ಮೂರೂವರೆ ವಾರ.

ಮೊದಲ ಮಧ್ಯಾಹ್ನ ಸೂರ್ಯಕಾಂತರು ಹನ್ನೆರಡು ಪುಟ ಗುಂಡಿ ಒತ್ತಿ ನಿದ್ದೆಹೋದರು. ಎದ್ದು ನೋಡಿದರೆ ಯಂತ್ರದ ಮೂಲೆಯಲ್ಲಿ ಒಂದು ಸಣ್ಣ ಅಂಕಿ: ನೂರಕ್ಕೆ ಎರಡು. ಅವರು ಹೊರಸಿನ ಮೇಲೆ ಎದ್ದು ಕೂತರು. ಕಾಗದದ ಪುಸ್ತಕ ಎಂದಾದರೂ ಹೀಗೆ ಬಾಯಿ ಬಿಟ್ಟಿತ್ತೇ? ಮೂವತ್ತು ವರ್ಷ ಮುಖದ ಮೇಲೆ ಮಲಗಿದರೂ ಒಂದೇ ಒಂದು ಗುಟ್ಟು ಹೊರಹಾಕಿರಲಿಲ್ಲ. ಇದು ಶುದ್ಧ ಚುಗಲಿಖೋರ! ಇದನ್ನು ಬೀಗರು ಕೈಗೆ ತೆಗೆದುಕೊಂಡರೆ ಮುಗಿಯಿತು.

ಮರುದಿನ ಪವಾಡ ನಡೆಯಿತು. ಅಂಕಿ ಎಂಟಾಗಿತ್ತು. ಅದರ ಮರುದಿನ ಹದಿನಾಲ್ಕು. ಸೂರ್ಯಕಾಂತರು ಗುಂಡಿ ಮುಟ್ಟಿರಲಿಲ್ಲ. ಬಹಳ ಯೋಚಿಸಿದ ಮೇಲೆ ಸತ್ಯ ಹೊಳೆಯಿತು: ಮಲಗಿದಾಗ ಮೂಗು ಗುಂಡಿಯನ್ನು ಒತ್ತುತ್ತಿದೆ! ಒಂದು ಉಸಿರಿಗೆ ಒಂದು ಪುಟ. ತಾವು ಆರಿಸಿದ ಯಂತ್ರದ ಮಹಿಮೆಗೆ ತಾವೇ ತಲೆದೂಗಿ, ಓದಿನ ವೇಗ ಹೆಚ್ಚಿಸಲು ನಿದ್ದೆಯ ಹೊತ್ತನ್ನು ಹೆಚ್ಚಿಸಿದರು. ಎರಡು ತಾಸಿದ್ದದ್ದು ಮೂರಾಯಿತು. ಎದ್ದಾಗ ಯಂತ್ರ ಮುಖದ ಮೇಲೆ ಇರುತ್ತಿರಲಿಲ್ಲ, ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಒರಗಿ ನಿಂತಿರುತ್ತಿತ್ತು. ಕೇಳಿದರೆ ಸಾವಿತ್ರಿಬಾಯಿ, “ಬಿದ್ದು ಒಡದೀತಂತ ತಗದಿಟ್ಟೀನಿ” ಎನ್ನುತ್ತಿದ್ದರು. ಅವರ ಕಣ್ಣು ಕೆಂಪಗಿದ್ದದ್ದನ್ನೂ, ಕೆಲವೊಮ್ಮೆ ಒಲೆಯ ಮುಂದೆ ಒಬ್ಬರೇ ನಗುತ್ತಿದ್ದದ್ದನ್ನೂ ಸೂರ್ಯಕಾಂತರು ಗಮನಿಸಲಿಲ್ಲ. ದೊಡ್ಡ ಓದುಗರಿಗೆ ಸುತ್ತಲಿನ ಪರಿವೆ ಇರುವುದಿಲ್ಲ.

ಒಂದು ತೊಂದರೆಯಿತ್ತು. ಗುಂಡಿಯ ಮೇಲೆ ದಿನಾ ಬಿಳಿ ಪುಡಿ ಕೂರುತ್ತಿತ್ತು. ಅಕ್ಷರಗಳು ಸವೆದು ಉದುರುತ್ತಿವೆಯೆಂದು ಹೆದರಿ ಶಬ್ಬೀರನ ಬಳಿ ಓಡಿದರು. ಅವನು ಬೆರಳಿಗೆ ಹಚ್ಚಿ ಮೂಸಿ ನೋಡಿದ.

“ಕಾಕಾ, ಇದು ಜ್ವಾಳದ ಹಿಟ್ಟು.”

“ಕಂಪನಿಯವರು ಹಿಟ್ಟು ಯಾಕ ತುಂಬ್ಯಾರ?”

“ಕಂಪನಿಯವರಿಗೆ ಗೊತ್ತಿಲ್ಲರೀ. ಮನ್ಯಾಗ ಕೇಳ್ರಿ.”

ಮನೆಯಲ್ಲಿ ಕೇಳುವಷ್ಟು ಸಣ್ಣ ವಿಷಯಕ್ಕೆ ಸೂರ್ಯಕಾಂತರು ಇಳಿಯಲಿಲ್ಲ.

ಯಂತ್ರ ಐವತ್ತೇಳು ತೋರಿಸಿದ ಮರುದಿನ ಕಮಲಾಪುರದ ಬಸ್ಸಿನಲ್ಲಿ ಒಂದು ಇಡೀ ಗೊನೆ ಬಂತು, ಕಮಲಾಪುರದ ಕೆಂಪು ಬಾಳೆಹಣ್ಣು. ಬೀಗರು ಕಳಿಸಿದ್ದಾರೆ ಎಂದಷ್ಟೇ ಹೇಳಿ ಸಾವಿತ್ರಿಬಾಯಿ ಗೊನೆಯನ್ನು ತೂಗುಹಾಕಿದರು. ಸೂರ್ಯಕಾಂತರಿಗೆ ತಕ್ಷಣ ಅರ್ಥವಾಯಿತು. ಲಂಚ! ಒಳ್ಳೆಯ ಅಭಿಪ್ರಾಯಕ್ಕೆ ಲಂಚ! “ನನ್ನ ಅಭಿಪ್ರಾಯ ಬಾಳೆಹಣ್ಣಿಗೆ ಮಾರಾಟಕ್ಕಿಲ್ಲ” ಎಂದರು, ಮೂರನೇ ಹಣ್ಣಿನ ಸಿಪ್ಪೆ ಸುಲಿಯುತ್ತ. ಕಥೆ ಎಲ್ಲಿಗೆ ಬಂತೆಂದು ಕೇಳಿಬಿಟ್ಟಾರೆಂಬ ಭಯಕ್ಕೆ ಬೀಗರಿಗೆ ಒಂದು ಫೋನೂ ಮಾಡಲಿಲ್ಲ.

ಸಭೆಯ ಹಿಂದಿನ ದಿನ ಯಂತ್ರದ ಮೂಲೆಯಲ್ಲಿ ನೂರಕ್ಕೆ ನೂರು! ಸೂರ್ಯಕಾಂತರು ಹೊಸ ಅಂಗಿ ಇಸ್ತ್ರಿ ಮಾಡಿಸಿದರು.

ಮರುದಿನ ಕಮಲಾಪುರದ ಶಾಲೆಯ ಹಾಲಿನಲ್ಲಿ ಐವತ್ತು ಜನ. ಮುಂದಿನ ಸಾಲಿನಲ್ಲಿ ಮಗಳು, ಅಳಿಯ, ಸಾವಿತ್ರಿಬಾಯಿ. ಸೂರ್ಯಕಾಂತರು ಎದ್ದು ನಿಂತು ಯಂತ್ರವನ್ನು ದೀಪದಂತೆ ಎತ್ತಿ ಹಿಡಿದರು. ನೂರು ಎಂಬ ಅಂಕಿಯನ್ನು ಮೊದಲ ಮೂರು ಸಾಲಿಗೆ ತೋರಿಸಿದರು. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ಈ ಗ್ರಂಥ ಸಮುದ್ರ, ತಾವು ಅದರಲ್ಲಿ ಮುಳುಗಿದ ಮೀನು ಎಂದರು. ಮುಳುಗಿ ಮುತ್ತು ತಂದ ಮೀನು ಎಂದು ತಿದ್ದಿಕೊಂಡರು. ಚಪ್ಪಾಳೆ ಬಿತ್ತು. ಮಗಳ ಮುಖ ಅರಳಿತು.

ಭೀಮಶಾ ಕೈಮುಗಿದು ಎದ್ದರು. ಬೀಗರ ಋಣ ತೀರಿಸಲಾಗದೆಂದೂ, ಒಂದೇ ಒಂದು ಪುಟದ ಬಗ್ಗೆ ಅವರ ಮನಸ್ಸು ತಿಳಿಯುವ ಆಸೆಯೆಂದೂ ಹೇಳಿ ಕೇಳಿದರು: “ಮುನ್ನೂರ ನಲವತ್ತೇಳನೇ ಪುಟ ಹೆಂಗನಿಸ್ತು, ಬೀಗರ?”

ಸೂರ್ಯಕಾಂತರು ಕಣ್ಣು ಮುಚ್ಚಿದರು. ಗದ್ಗದ ಕಂಠದಿಂದ ಹೇಳಿದರು:

“ಆ ಪುಟ ನೆನಪಿಸಬ್ಯಾಡ್ರಿ. ಆವತ್ತು ನಾ ಊಟ ಬಿಟ್ಟು ಅತ್ತೀನಿ.”

ಭೀಮಶಾ ಕನ್ನಡಕ ಏರಿಸಿ, ಜೇಬಿನಿಂದ ಒಂದು ಹಾಳೆ ತೆಗೆದು, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಓದಿದರು: “ಪುಟ ಮುನ್ನೂರ ನಲವತ್ತೇಳು. ‘ಬೀಗರೇ, ಇಲ್ಲಿಯವರೆಗೆ ಓದಿದ್ದರೆ ನಿಮಗೆ ಒಂದು ಗೊನೆ ಕೆಂಪು ಬಾಳೆಹಣ್ಣು. ಫೋನು ಮಾಡಿ ತರಿಸಿಕೊಳ್ಳಿರಿ. ಈ ಸಾಲನ್ನು ಛಾಪಿಸುವಾಗ ತೆಗೆಯಲಾಗುವುದು.’”

ಐವತ್ತು ಜನ ಒಮ್ಮೆಲೇ ನಕ್ಕ ನಗುವಿಗೆ ಶಾಲೆಯ ಮಾಡಿನ ಪಾರಿವಾಳಗಳು ಹಾರಿ ಪಕ್ಕದ ಊರು ಮಹಾಗಾಂವ್ ಮುಟ್ಟಿದವಂತೆ.

“ಫೋನ್ ಮಾಡೋದು ಮರತೆ,” ಎಂದು ಸೂರ್ಯಕಾಂತರು ತೊದಲಿದರು.

“ಫೋನ್ ಬಂತಲ್ಲರೀ,” ಎಂದರು ಭೀಮಶಾ. “ಗೊನಿನೂ ಕಳಿಸಿದೆ. ಓದಿದವರಿಗೇ ಮುಟ್ಟ್ಯದ.” ಎಂದು ಮುಂದಿನ ಸಾಲಿಗೆ ತಿರುಗಿ, “ಬೀಗತಿಯವರ, ನೀವು ಮ್ಯಾಲ ಬರ್ರಿ. ಖರೇ ಅಭಿಪ್ರಾಯ ನೀವು ಹೇಳಬೇಕು” ಎಂದರು.

ಸಾವಿತ್ರಿಬಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಗಂಡನ ಪಕ್ಕದಲ್ಲಿ ಹಾಯುವಾಗ ಒಂದು ಕ್ಷಣ ನಿಂತು, ಮೆಲ್ಲಗೆ, ಆದರೆ ಐವತ್ತು ಜನಕ್ಕೂ ಕೇಳುವಂತೆ ಅಂದರು:

“ಆ ಪುಟದ ಹಣ್ಣು ಹನ್ನೊಂದು ತಿಂದೀರಿ. ಒಂದಕ್ಕೂ ಕಣ್ಣೀರು ಬಂದಿರಲಿಲ್ಲ.”

ಅವರು ಐದೇ ನಿಮಿಷ ಮಾತಾಡಿದರು. ಏಳನೇ ಇಯತ್ತೆಗೆ ಓದು ಬಿಟ್ಟ ತಮಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲವೆಂದೂ, ಈ ಯಂತ್ರದಲ್ಲಿ ಕಾಳಿನಷ್ಟು ದಪ್ಪ ಮಾಡಿಕೊಂಡು ರೊಟ್ಟಿ ಬಡಿಯುತ್ತಲೇ ಓದಿದ್ದಾಗಿಯೂ ಹೇಳಿದರು. ಮಗನ ಪಾಟಿಗಾಗಿ ಭೀಮಶಾರ ತಾಯಿ ತಮ್ಮ ಬೆಳ್ಳಿಯ ಕಾಲಗಡಗ ಮಾರಿದ ಪುಟದ ಮಾತು ಬಂದಾಗ ಹಾಲಿನಲ್ಲಿ ಯಾರೂ ನಗಲಿಲ್ಲ. ಭೀಮಶಾ ಕನ್ನಡಕ ತೆಗೆದರು. ಕೊನೆಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸೂರ್ಯಕಾಂತರೇ. ಪುಸ್ತಕ ಛಾಪಾಖಾನೆಗೆ ಹೋಗುವುದು ನಿಕ್ಕಿಯಾಯಿತು.

ಸಂಜೆ ಕಲಬುರಗಿಯ ಬಸ್ಸಿನಲ್ಲಿ ಯಂತ್ರ ಸಾವಿತ್ರಿಬಾಯಿಯ ಚೀಲದಲ್ಲಿತ್ತು. ಕಿಟಕಿಯ ಹೊರಗೆ ಬಾಳೆಯ ತೋಟಗಳು ಹಿಂದೆ ಸರಿದವು. ಸೂರ್ಯಕಾಂತರು ಮೆಲ್ಲಗೆ ಕೆಮ್ಮಿ ಕೇಳಿದರು:

“ಏ ಇವಳ, ಮುನ್ನೂರ ನಲವತ್ತೇಳರ ಮುಂದ ಎಲ್ಲಾದ್ರೂ ಇನ್ನೊಂದು ಗೊನಿ ಅದ ಏನು?”

ಸಾವಿತ್ರಿಬಾಯಿ ಚೀಲದಿಂದ ಯಂತ್ರ ತೆಗೆದು, ಸೆರಗಿನಿಂದ ಗುಂಡಿ ಒರೆಸಿ, ಅವರ ತೊಡೆಯ ಮೇಲಿಟ್ಟರು.

“ಓದಿ ನೋಡ್ರಿ.”